ಅರಿಶಿಣದ ಹಾಳಿ, ಸುಣ್ಣದ ಗೆರಿ

ಹೊಸದಾಗಿ ಡ್ರಾಯಿಂಗ್ ಕಲಿಸಾಕ ಸೇರಿದ ಹುಡುಗ್ಯಾರು ನನ್ನ ಮನಿಗೆ ಬಂದ್ರ ಮೊದಲು ಕೇಳೂದು ಇದನ್ನ: "ಅಕ್ಕೋರ, ಸಾಲಿ ಕೆಲಸ ಮುಗಿದ ಮ್ಯಾಲ ನಮ್ಮ ಸ್ವಂತಕ್ಕ ಏನರ ಬರಕೊಳ್ಳೂಣ ಅನಿಸಿದ್ರ ಯಾವ ಕಾಗದ ತೊಗೊಳ್ಳೂಣ್ರಿ? ಯಾವ ಬಣ್ಣ ಚಲೋರಿ?" ಈಗ ಅಂಗಡಿ ತುಂಬ ಬಣ್ಣದ ಡಬ್ಬಿ ಅದಾವ, ನೋಡಿದ್ರ ನನಗ ತಲಿ ತಿರಗತೈತಿ. ಚಹಾ ಕೊಟ್ಟು, ಅವಲಕ್ಕಿ ಕೊಟ್ಟು, ಏನೋ ಒಂದು ಮಾತು ಹೇಳಿ ಕಳಸಿಬಿಡ್ತೇನಿ. ಯಾಕಂದ್ರ ಖರೆ ಉತ್ತರ ಹೇಳಬೇಕಂದ್ರ ಭಾಳ ದೂರದಿಂದ ಸುರು ಮಾಡಬೇಕಾಕ್ಕೈತಿ. ಅದಕ್ಕ ಈಗ ಒಮ್ಮೆ ಕುಂತು ಬರದು ಇಡಾಕತ್ತೇನಿ. ಇದನ್ನ ಓದ್ರಿ, ಆಮ್ಯಾಲ ಬೇಕಾದ್ದು ಕೊಂಡಕೋರಿ, ನನ್ನ ಜೀಂವಾ ತಿನ್ನಬ್ಯಾಡ್ರಿ.

ನಮ್ಮ ಕಡೆ ಹೆಣ್ಣುಮಕ್ಕಳ ಸಾಲಿಯಾಗ ಕಲಿಸಾಕಿಗೆ ಅಕ್ಕೋರು ಅಂತಾರ. ನಾ ನೀಲವ್ವ ಅಕ್ಕೋರು. ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಹಿಂಗ ತಿರಗತಾ ಚಿತ್ರ ಕಲಿಸೀನಿ, ಹೊಲಿಗಿ ಕಲಿಸೀನಿ, ಯಾರೂ ಇಲ್ಲದಲ್ಲಿ ಲೆಕ್ಕಾನೂ ಕಲಿಸೀನಿ. ಪ್ರೀತಿಯಿಂದ ಮಾಡಿದ್ರಿ ಅಂತ ಜನ ಹೊಗಳತಾರ. ಸುಳ್ಳ್ಯಾಕ ಹೇಳ್ಲಿ, ನಾ ನೌಕರಿ ಮಾಡಿದ್ದು ಅಂಜಿಕಿಲೆ. ಗಂಡನ ಮಾರಿ ನೆಟ್ಟಗ ನೋಡೂದರಾಗ ಅವರು ತೀರಿಕೊಂಡ್ರು. ಅತ್ತಿಮನಿಯವರು ಬಾಗಲಾ ಹಾಕಿದ್ರು. ಅಣ್ಣನ ಮನ್ಯಾಗ ಅಡಗಿಮನಿ ಬಾಜೂಕ ಒಂದು ಮೂಲಿ ಕೊಟ್ಟಿದ್ರು, ಅಲ್ಲಿ ಅಣ್ಣನ ಹೇಂತಿ, ನಮ್ಮ ವೈನಿ, ಏನಂತಾಳ, ಯಾವಾಗ ಅಂತಾಳ ಅಂತ ಕಿವಿ ನಿಗರಿಸಿಕೊಂಡು ಕೂಡ್ರೂದು. ಅದರಾಗ ಯಾರೋ ಪುಣ್ಯಾತ್ಮರು ಧಾರವಾಡಕ್ಕ ಟ್ರೇನಿಂಗಿಗೆ ಕಳಿಸಿದ್ರು, ನೌಕರಿ ಬಂತು. ಈ ನೌಕರಿ ಹೋತಂದ್ರ ಮತ್ತ ಅದ ಮೂಲಿ. ಇದೊಂದು ಮಾತು ತಲಿಯಾಗ ಇಟಕೋರಿ, ಮುಂದ ನಾ ಮಾಡಿದ್ದೆಲ್ಲಾ ತಿಳಿತೈತಿ.

ಮೊದಲನೇ ಊರು ಶಿಗ್ಗಾವಿ. ಆವಾಗ ಡ್ರಾಯಿಂಗ್ ಅಂದ್ರ ಕಾರ್ಡಿನ ಮ್ಯಾಲಿನ ಚಿತ್ರಾ ನೋಡಿ ಹಂಗ ತಿದ್ದೂದು. ತಂಬಿಗಿ, ಮಾವಿನಕಾಯಿ, ಗಿಳಿ, ಕಮಲದ ಹೂವ. ಎರಡೂ ಬಾಜೂ ಸರಿ ಬರಬೇಕು, ಇಲ್ಲಂದ್ರ ಒರಿಸಿ ಮತ್ತ ತಗಿ. ನನಗ ಅದೆಲ್ಲಾ ಬರ್ತಿತ್ತು, ಒಬ್ಬಾಕೀನ ಇದ್ರ. ಹಿಂದ ಯಾರರ ಬಂದು ನಿಂತ್ರೋ, ಮುಗೀತು, ಕೈ ನಡಗಾಕ ಹತ್ತತಿತ್ತು. ಇನ್ಸ್‌ಪೆಕ್ಟರ್ ಸಾಹೇಬ್ರು ಅನ್ನೂ ಪ್ರಾಣಿ ನಿಂದ್ರೂದ ಹಿಂದ. ಮೊದಲನೇ ತಪಾಸಣಿಯಾಗ ಬೋರ್ಡಿನ ಮ್ಯಾಲ ತಂಬಿಗಿ ತಗಿ ಅಂದ್ರು. ನನ್ನ ಕುತ್ತಿಗಿಗೆ ಅವರ ಉಸಿರು ತಾಕತಿತ್ತು. ತಗದೆ. ಒಂದು ಬಾಜೂ ಹೊಟ್ಟಿ ಬಂತು, ಇನ್ನೊಂದು ಬಾಜೂ ಒಳಗ ಹೋತು.

"ಏನ್ ಬಾಯಿಯವರ, ಈ ತಂಬಿಗಿ ಎಮ್ಮಿ ತುಳದೈತೇನು?" ಅಂದ್ರು ಸಾಹೇಬ್ರು.

ಹುಡುಗ್ಯಾರು ಕಿಸಕ್ ಅಂತ ನಕ್ಕವು. ನಾನೂ ನಕ್ಕೆ, ನಗಲಾರದ ಏನು ಮಾಡ್ಲಿ? ಆದ್ರ ಕಣ್ಣಮುಂದ ಅಣ್ಣನ ಮನಿ ಮೂಲಿ ಬಂದು ಕುಂತಬಿಟ್ಟಿತ್ತು.

ಆ ಸಾಲಿಗೆ ಅಂಬಕ್ಕ ಅನ್ನೂ ದೊಡ್ಡ ಅಕ್ಕೋರು ಇದ್ರು. ಮಾತು ಒರಟು, ಕೈ ಮೆತ್ತಗ. ಸಂಜಿಮುಂದ ನನ್ನ ಕರದು, "ತಂಬಿಗಿ ಸುದ್ದಿ ಬಿಡು. ಬರೇ ಗೆರಿ ಎಳಿ. ಉದ್ದ ಎಳಿ, ಅಡ್ಡ ಎಳಿ, ಯಾರೂ ಇಲ್ಲದಾಗ ಎಳಿ. ಕೈ ತಾನ ದಾರಿಗೆ ಬರ್ತೈತಿ" ಅಂದ್ರು. ಅವತ್ತಿನಿಂದ ಸಾಲಿ ಬಿಟ್ಟ ಮ್ಯಾಲ, ದೀಪಾ ಹಚ್ಚೂದರೊಳಗ, ಗೆರಿ ಎಳಿಯಾಕ ಕುಂತೆ. ಕೈ ದಾರಿಗೆ ಬರಲೇ ಇಲ್ಲ. ಆದ್ರ ನಾನ ಆ ದಾರಿ ಹಿಡದೆ.

ಮೊದಲು ಪಾಟಿ ಮ್ಯಾಲ ಎಳದೆ. ಪಾಟಿ ಪೆನ್ಸಿಲ್ ಕಿರ್ ಅನ್ನೂ ಸಪ್ಪಳಕ್ಕ ಹಲ್ಲು ಜುಮ್ ಅಂತಿದ್ವು. ಆಮ್ಯಾಲ ಬಿರುಸು ಪೆನ್ಸಿಲ್ ತೊಗೊಂಡೆ. ಅದರಂಥಾ ಚಾಡಿಖೋರ ಇನ್ನೊಂದಿಲ್ಲ, ಕೈ ಎಳ್ಳಷ್ಟು ಅಲಗಿದ್ರೂ ತೋರಸತೈತಿ. ಇದ್ದಲಿ ಮೆತ್ತಗ ಇರ್ತೈತಿ ಅಂತ ಹತ್ತಿಕಟಿಗಿ ತುಂಡು ಮಾಡಿ, ತಗಡಿನ ಡಬ್ಬ್ಯಾಗ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಒಲಿಯಾಗ ಇಟ್ಟೆ. ಹೊಗಿ ಹೋಗಾಕ ಸಣ್ಣ ತೂತು ಬಿಡಬೇಕು ಅನ್ನೂದು ನನಗ ಯಾರು ಹೇಳಬೇಕು? ಢಬ್ ಅಂತ ಮುಚ್ಚಳ ಹಾರಿ ಜಂತಿಗೆ ಬಡೀತು. ಓಣಿ ಮಂದಿ ಎಲ್ಲಾ ಬಂದು, ಅಕ್ಕೋರು ಸುಟ್ಟುಕೊಂಡ್ರು ಅಂತ ಗದ್ದಲಾ ಹಾಕಿದ್ರು. ಎರಡನೇ ಸಲಕ್ಕ ಇದ್ದಲಿ ಚಲೋ ಬಂತು. ಅದು ನನ್ನ ನಡಗೂದನ್ನ ಮುಚ್ಚತಿತ್ತು, ಬೆರಳಲೆ ತಿಕ್ಕಿದ್ರ ಇನ್ನೂ ಮುಚ್ಚತಿತ್ತು. ಆದ್ರ ಸೆರಗು, ಮೂಗು, ಹಣಿ ಎಲ್ಲಾ ಕರ್ರಗ. ಅಂಬಕ್ಕ ನೋಡಿ "ಯಾರ ಮನಿ ಒಲಿ ಹೊಕ್ಕಿದ್ಯೇ ನಮ್ಮವ್ವಾ?" ಅಂತಿದ್ರು.

ಒಂದು ಸಂಜಿ ಕೈ ಸುಧಾರಿಸಲಿ ಅಂತ ಎಳಿಯಾಕತ್ತಾಕಿ ಕೈಯನ್ನ ಮರತೆ. ಗೆರಿ ಒಂದಕ್ಕೊಂದು ಹತ್ತಿಕೊಂಡು ಬಂದ್ವು, ಒಂದು ಕಡೆ ದಟ್ಟ ಆದ್ವು, ಒಂದು ಕಡೆ ಬಿಟ್ಟುಕೊಂಡ್ವು. ಗಿಳಿ ಅಲ್ಲ, ಮಾವಿನಕಾಯಿ ಅಲ್ಲ, ಹೆಸರಿಲ್ಲ. ನೋಡಕೋತ ಕುಂತೆ, ಎದಿ ಹಗುರಾತು. ಮರುಗಳಿಗಿಗೇ ಬಾಗಲದ ಕಡೆ ನೋಡಿದೆ: ಇದನ್ನ ಯಾರರ ನೋಡಿ ಏನಿದು ಅಂದ್ರ ಏನು ಹೇಳ್ಲಿ? ಹಾಳಿ ಸುತ್ತಿ ಅಕ್ಕಿ ಡಬ್ಬಿ ಹಿಂದ ಇಟ್ಟೆ. ಅವತ್ತಿನಿಂದ ನನಗ ಎರಡು ಚಿಂತಿ ಆದ್ವು. ಒಂದು, ಗೆರಿ ಎಳಿಯದ ಇರಾಕ ಆಗಂಗಿಲ್ಲ. ಎರಡು, ಎಳದದ್ದನ್ನ ಯಾರೂ ನೋಡಬಾರದು.

ಸವಣೂರು ನವಾಬರ ಸಂಸ್ಥಾನ, ನಮ್ಮ ಇಲಾಖೆಗೆ ಸೇರಿದ್ದಲ್ಲ. ಅಂಬಕ್ಕನ ಸಂಬಂಧಿಕರ ಮದುವಿಗೆ ವೀಳ್ಯದೆಲಿ ತರಾಕ ಹೋಗೂಮುಂದ ನನ್ನೂ ಕರಕೊಂಡು ಹೋಗಿದ್ರು. ಮಸೂತಿ ಹತ್ರ ಒಂದು ಕಟ್ಟಿ ಮ್ಯಾಲ ವಯಸ್ಸಾದ ಉಸ್ತಾದರೊಬ್ಬರು ಕುಂತು ಉರ್ದೂ ಬರ್ಯಾಕತ್ತಿದ್ರು. ಲಾಳದ ಕಡ್ಡಿ ಕೆತ್ತಿದ ಕಲಮು, ಮಣ್ಣಿನ ಕುಡಿಕ್ಯಾಗ ಮಸಿ. ಅವರ ಗೆರಿ ಒಮ್ಮೆ ದಪ್ಪ ಆಗತಿತ್ತು, ಒಮ್ಮೆ ಕೂದಲೆಳಿ ಆಗತಿತ್ತು. ನಾ ಎಲಿ ಮರತು ಅಲ್ಲೇ ನಿಂತೆ. ಹೆಂಗೋ ಧೈರ್ಯಾ ಮಾಡಿ, ಚೀಲದಾಗಿನ ಒಂದು ಹಾಳಿ ತೋರಿಸಿದೆ. ಅವರು ತಿರುವಿ ತಿರುವಿ ನೋಡಿದ್ರು.

"ಇದು ಯಾವ ಭಾಷಾ, ಬೇಟಿ?"

"ಯಾವ ಭಾಷಾನೂ ಅಲ್ರಿ."

"ಹಂಗಿದ್ರ ತಪ್ಪು ಹುಡಕವರು ಯಾರೂ ಇಲ್ಲ. ನಸೀಬ ಚಲೋ ಐತಿ ನಿಂದು" ಅಂತ ನಕ್ಕು, ತಮ್ಮ ಹಳೇ ಕಲಮು ಒಂದನ್ನ ನನ್ನ ಮುಂದ ಇಟ್ಟರು. ದೀಪದ ಕಾಡಿಗಿ ಹಿಡಿಯೂದು, ಜಾಲಿ ಅಂಟು ನೆನೆಸೂದು, ಎರಡೂ ಕೂಡಿಸಿ ತೋಳು ಬೀಳೂತನಕ ಅರಿಯೂದು, ಎಲ್ಲಾ ಹೇಳಿಕೊಟ್ಟರು. "ಉಸಿರು ಹಿಡಿಬ್ಯಾಡ. ಬಿಟಗೋತ ಎಳಿ" ಅಂದ್ರು. ಮುಂದ ಎಷ್ಟೋ ಮಂದಿ ನನ್ನ ಹಾಳಿ ನೋಡ್ಯಾರ, ಅಷ್ಟು ಸಲೀಸಾಗಿ ಯಾರೂ ನೋಡಿಲ್ಲ.

ಶಾಣ್ಯಾತನ ಸುಮ್ಮನ ಕೂಡ್ರಬೇಕಲ್ಲ. ಮಸಿಗೆ ಹೊಳಪು ಬರಲಿ ಅಂತ ನಾ ಅದಕ್ಕ ಬೆಲ್ಲದ ನೀರು ಹಾಕಿದೆ. ಹೊಳಪೇನೋ ಬಂತು, ಅದರ ಹಿಂದ ಇರಿವಿ ಬಂದ್ವು, ಇರಿವಿ ಹಿಂದ ಜೊಂಡಿಗ ಬಂದ್ವು. ದೀಪಾವಳಿ ಸೂಟಿಗೆ ಅಣ್ಣನ ಮನಿಗೆ ಹೋಗಿ ಬರೂದರಾಗ ಒಂದು ವರ್ಷದ ಗೆರಿ ಎಲ್ಲಾ ಜಾಳಗಿ ಆಗಿದ್ವು. ಅಳು ಬಂತು, ಅತ್ತೆ. ಹುಳದ ಅಂಜಿಕಿ ಅನ್ನೂದೊಂದು ಹೊಸದು ಸೇರಿಕೊಂಡ್ತು.

ಹಾನಗಲ್ಲಿಗೆ ವರ್ಗ ಆದಾಗ ಯುದ್ಧ ಸುರು ಆಗಿತ್ತು. ಪರೀಕ್ಷಾಕ್ಕ ಕಾಗದ ಸಿಗೂದ ದುರ್ಲಭ, ಇನ್ನು ನನ್ನ ಗೆರಿಗೆ ಯಾರು ಕೊಡತಾರ? ಅಲ್ಲಿ ಒಂದು ಅಂಗಡಿ ಮನಿ ಅಜ್ಜಿ ಕಡತಾ ಮಾಡೂದು ತೋರಿಸಿದ್ಲು. ಹುಣಸಿಬೀಜಾ ಹುರದು, ಸಿಪ್ಪಿ ತಗದು, ಅರದು ಕುದಿಸಿದ್ರ ಅಂಟು ಆಕ್ಕೈತಿ. ಅದಕ್ಕ ಇದ್ದಲಿ ಪುಡಿ ಕಲಸಿ ಹಳೇ ಸೀರಿ ಅರಬಿಗೆ ಬಳದು ಒಣಗಿಸಿದ್ರ ಕರೀ ಹಲಿಗಿ ಇದ್ದಂಗ ಗಟ್ಟಿ. ಅದರ ಮ್ಯಾಲ ಬಳಪದಲೆ ಬರದ್ರ ಬೆಳ್ಳಗ ಕಾಣತೈತಿ, ಒದ್ದಿ ಅರಬಿಲೆ ಒರಿಸಿದ್ರ ಮಾಯ. ಹಿಂದಿನ ಕಾಲದಾಗ ಅಂಗಡಿಕಾರರು ಇದರ ಮ್ಯಾಲ ಬರೀತಿದ್ರು. ನನ್ನಂಥಾ ಅಂಜುಬುರುಕಿಗೆ ಹೇಳಿ ಮಾಡಿಸಿದ ಸಾಮಾನು! ಬಾಗಲದಾಗ ಕಾಲ ಸಪ್ಪಳಾದ್ರ ಸಾಕು, ಸೆರಗಿಲೆ ಸರ್ ಅಂತ ಒರಿಸಿಬಿಡ್ತಿದ್ದೆ. ಬಂದವರಿಗೆ ಕರೀ ಅರಬಿ ಒಂದ ಕಾಣತಿತ್ತು.

ಆದ್ರ ದಿನಾ ಒರಿಸಿ ಒರಿಸಿ ಒಂದು ಥರಾ ಸಂಕಟಾ ಹತ್ತಿತು. ವರ್ಷಗಟ್ಟಲೆ ಎಳದ್ರೂ ಕೈಯಾಗ ಒಂದ ಒಂದು ಇಲ್ಲ. ಒಂದರ ಉಳಿಯಲಿ, ಹುಳಾ ತಿನ್ನದಂಗ, ಅಳಿಸದಂಗ ಉಳಿಯಲಿ ಅನ್ನೂ ಹುಚ್ಚು ಹಿಡೀತು. ಆ ಹುಚ್ಚು ತೊಗೊಂಡ ಹಿರೇಕೆರೂರಿಗೆ ಹೋದೆ.

ಹಿರೇಕೆರೂರಾಗ ನನ್ನದು ಒಬ್ಬಾಕೀನ ಅಕ್ಕೋರು ಇರೂ ಸಾಲಿ. ಹುಡುಗ್ಯಾರ ಸಂಖ್ಯಾ ಇಳದ್ರ ಸಾಲಿ ಮುಚ್ಚತೇವಿ ಅಂತ ಸಾಹೇಬ್ರು ಮೊದಲೇ ಹೇಳಿ ಕಳಿಸಿದ್ರು. ಶಿಗ್ಗಾವಿಯಾಗ ಎಮ್ಮಿ ತುಳದ ತಂಬಿಗಿ ಅಂದವರ ಅವರು. ಸಾಲಿ ಮುಚ್ಚಿದ್ರ ನನ್ನ ಮುಂದಿನ ಗತಿ ಏನು, ಹೇಳಬೇಕಾಗಿಲ್ಲ. ಅದಕ್ಕ ಮನಿ ಮನಿ ತಿರಗಿ, ಕಾಲು ಹಿಡಿಯೂದೊಂದು ಬಿಟ್ಟು ಎಲ್ಲಾ ಮಾಡಿ, ಹುಡುಗ್ಯಾರನ್ನ ಕೂಡಿಸಿದ್ದೆ.

ಇರಾಕ ಈರವ್ವನ ಮನ್ಯಾಗ ಒಂದು ಖೋಲಿ ಸಿಕ್ಕಿತು. ಹತ್ತಿ ಬೆಳಿಯೂ ಮನಿತನ. ಈರವ್ವ ಹಣಿ ತುಂಬ ಕುಂಕುಮಾ ಹಚ್ಚಿಕೊಂಡು, ಓಣಿಗೆಲ್ಲಾ ಕೇಳೂಹಂಗ ಮಾತಾಡೂ ಹೆಣ್ಣುಮಗಳು. ನನಗ ರೊಟ್ಟಿ ಕೊಡತಿದ್ಲು, ಬ್ಯಾಸಗ್ಯಾಗ ಮಜ್ಜಗಿ ಕೊಡತಿದ್ಲು. ಹಬ್ಬದಾಗ ಮುತ್ತೈದ್ಯಾರು ಅರಿಶಿಣ ಕುಂಕುಮಕ್ಕ ಬಂದಾಗ ಮಾತ್ರ ನನ್ನ ಖೋಲಿ ಬಾಗಲಾ ತಾನ ಮುಂದ ಮಾಡಿ ಹೋಗತಿದ್ಲು. ಅದು ಸಿಟ್ಟಲ್ಲ, ರೂಢಿ. ನಾನೂ ತಪ್ಪು ತಿಳಕೊಳ್ಳಲಿಲ್ಲ. ಆಕಿ ಮಗಳು ಗಂಗವ್ವ ಚೊಚ್ಚಲ ಬಸುರಿ, ಸೀಮಂತದ ಕುಬಸಾ ಮುಗಿಸಿಕೊಂಡು ಬಾಣಂತನಕ್ಕ ತವರಿಗೆ ಬಂದಿದ್ಲು.

ಹತ್ತಿ ಅಂಗಡ್ಯಾಗ ರದ್ದಿ ಕಾಗದ ಸಿಗತಿತ್ತು, ಮಾಸಲು ಬಣ್ಣದ್ದು, ದಪ್ಪಂದು. ಹುಳಾ ಹತ್ತಬಾರದು ಅಂದ್ರ ಅರಿಶಿಣ ಅಲ್ಲೇನು? ಸಂತಿಯಿಂದ ಅರಿಶಿಣ ಕೊಂಬು ತಂದು, ಕುಟ್ಟಿ, ಬೇವಿನ ನೀರಾಗ ಕಲಸಿ, ಹಾಳಿಗೆ ಬಳದೆ. ಅಡಗಿಗೆ ಚಿಟಿಕಿ ಅರಿಶಿಣ ಹಾಕಿದ್ರ ನನ್ನಂಥಾಕೀನ ಯಾರೂ ಕೇಳಂಗಿಲ್ಲ. ಪರಾತ ತುಂಬ ಕಲಸಿ ಎರಡೂ ಕೈ ಮುಳಗಿಸಿದ್ರ? ಮರುದಿನ ನನ್ನ ಕೈ ಮದುಮಗಳ ಕೈ ಆಗಿದ್ವು. ಸಾಲ್ಯಾಗ ಸೆರಗಿನ ಒಳಗ ಮುಚ್ಚಿಕೊಂಡು ಕುಂತೆ. ಆದ್ರೂ ಒಬ್ಬಾಕಿ ಕೇಳೇಬಿಟ್ಲು: "ಅಕ್ಕೋರ, ಯಾರ ಮದುವಿರಿ?" ಕೈ ತಿಕ್ಕಿ ತಿಕ್ಕಿ ತೊಳದ್ರೂ ಹೋಗವಲ್ಲದು.

ಅಷ್ಟರ ಮ್ಯಾಲ ನಿಂತಿದ್ರ ಆಗತಿತ್ತು. ಹಳದಿ ಹಾಳಿ ಮ್ಯಾಲ ಬಿಳಿ ಗೆರಿ ಎಳದ್ರ ಹ್ಯಾಂಗಿರತೈತಿ ನೋಡೂಣು ಅಂತ, ಎಲಿಗೆ ಹಚ್ಚೂ ಸುಣ್ಣಾ ತೊಗೊಂಡು ಎಳದೆ. ಗೆರಿ ಬೆಳ್ಳಗ ಬರಲಿಲ್ಲ. ಎಳದಲ್ಲೆ ಎಳದಲ್ಲೆ ಕೆಂಪಾಗಿ ಹೋತು, ಕೆಂಪಂದ್ರ ರಕ್ತದ ಕೆಂಪು! ಅಯ್ಯ ನನ ಶಿವನ, ಅರಿಶಿಣಕ್ಕ ಸುಣ್ಣಾ ಕೂಡಿದ್ರ ಕೆಂಪಾಕ್ಕೈತಿ ಅನ್ನೂದು ನನಗ ಗೊತ್ತಿರಲಿಲ್ಲೇನು? ಸಣ್ಣಾಕಿದ್ದಾಗ ಎಷ್ಟು ಮದುವ್ಯಾಗ ಆರತಿ ನೀರು ಕಲಸೀನಿ, ದೃಷ್ಟಿ ತಗಿಯೂ ನೀರು ಕಲಸೀನಿ! ಕಾಗದಾ ಕೈಯಾಗ ಬಂದ ಕೂಡಲೆ ಅದೆಲ್ಲಾ ಮರತಿದ್ದೆ. ಆದ್ರ ಏನು ಚೆಂದ ಇತ್ತಂತೀರಿ! ಅದರ ಬಾಜೂಕ ಕಾಡಿಗಿ ಮಸಿಲೆ ಕರೀ ಗೆರಿ ಎಳದೆ. ಹಳದಿ, ಕೆಂಪು, ಕರಿ. ಅಷ್ಟೊತ್ತು ನನಗ ಯಾರ ಅಂಜಿಕಿನೂ ಇರಲಿಲ್ಲ. ಹಾಳಿಗಳನ್ನ ಹಿತ್ತಲದಾಗ ಬುಟ್ಟಿ ಕೆಳಗ ಒಣಗಾಕ ಇಟ್ಟು ಸಾಲಿಗೆ ಹೋದೆ.

ಆಷಾಢದ ಗಾಳಿ. ಬುಟ್ಟಿ ಉರುಳಿಸಿ ಒಂದು ಹಾಳೀನ ಒಳಗ ಹೊತಗೊಂಡು ಹೋಗಿ ಗಂಗವ್ವ ಮಲಗೂ ಹೊರಸಿನ ಕೆಳಗ ತಳ್ಳಿತ್ತು. ಅವತ್ತ ಸಂಜಿಗೆ ಗಂಗವ್ವಗ ಚಳಿಜ್ವರ ಬಂತು. ಮರುದಿನ ಮುಂಜಾನೆ ಕಸಾ ಹೊಡಿಯೂಮುಂದ ಈರವ್ವನ ಕಸಬರಿಗಿಗೆ ಆ ಹಾಳಿ ಸಿಕ್ಕಿತು.

ಆಕಿ ಚೀರಿದ್ದು ನನಗ ಇನ್ನೂ ಕಿವಿಯಾಗ ಐತಿ. ಬಸುರಿ ಹೊರಸಿನ ಕೆಳಗ ಅರಿಶಿಣಾ, ಕೆಂಪು, ಕಾಡಿಗಿ. ಹೂವಲ್ಲ, ಬಳ್ಳಿ ಅಲ್ಲ, ತಲಿಬುಡಾ ಇಲ್ಲದ ಗೆರಿ. ನಮ್ಮ ಕಡೆ ಇದಕ್ಕ ಒಂದ ಹೆಸರು: ಮಾಟಾ. ಹಿತ್ತಲಕ್ಕ ಹೋಗಿ ನೋಡ್ತಾಳ, ಬುಟ್ಟಿ ಬಾಜೂಕ ಇನ್ನೂ ಅದಾವ. ನನ್ನ ಕೈ ನೋಡ್ತಾಳ, ಹಳದಿ.

"ಗಂಡನ್ನ ಕಳಕೊಂಡಾಕಿಗೆ ಅರಿಶಿಣ ಯಾಕ ಬೇಕಾಗಿತ್ರಿ ಅಕ್ಕೋರ? ನನ್ನ ಮಗಳ ಹೊಟ್ಟಿ ಮ್ಯಾಲ ಯಾಕ ಕಣ್ಣು ಬಿತ್ರಿ ನಿಮ್ಮದು?"

ಆಕಿ ಎಲ್ಲಾ ಹಾಳಿ ಬಳಕೊಂಡು ಅಂಗಳದಾಗ ಹಾಕಿ, ಉಪ್ಪು ಮೆಣಸಿನಕಾಯಿ ಗಂಗವ್ವಗ ಇಳಿ ತಗದು, ಅದರ ಮ್ಯಾಲ ಒಗದು ಬೆಂಕಿ ಹಚ್ಚಿದ್ಲು. ಓಣಿ ಹೆಂಗಸ್ರು ಸುತ್ತ ನಿಂತಿದ್ರು. ಮೆಣಸಿನಕಾಯಿ ಘಾಟು ಬರಲಿಲ್ಲಂದ್ರ ಮಾಟಾ ಖರೆ ಅಂತ ಲೆಕ್ಕ. "ಘಾಟ ಇಲ್ಲ ನೋಡ್ರೇ! ಒಂಚೂರೂ ಇಲ್ಲ!" ಅಂತ ಒಬ್ಬಾಕಿ ಅಂದ್ಲು. ಎಲ್ಲಾರೂ ಹೌದ ಹೌದ ಅಂದ್ರು. ನನ್ನ ಮೂಗಿಗೆ ಸಾಯೂವಷ್ಟು ಘಾಟು ಬಡೀಲಿಕ್ಕತ್ತಿತ್ತು. ಕೆಮ್ಮು ಒತ್ತಿ ಹಿಡದು, ಕಣ್ಣೀರು ಒರಿಸಿಕೋತ ನಿಂತೆ. ಕೆಮ್ಮಿದ್ರ ಅದಕ್ಕೂ ಏನರ ಅರ್ಥ ಹಚ್ಚತಾರಂತ ಅಂಜಿಕಿ.

ಮರುದಿನ ಸಾಲಿಗೆ ಒಬ್ಬಾಕಿ ಹುಡುಗೀನೂ ಬರಲಿಲ್ಲ. ಅದರ ಮರುದಿನಾನೂ ಇಲ್ಲ. ಖಾಲಿ ಖೋಲ್ಯಾಗ ಗಂಟಿ ಬಾರಿಸಿ, ಖಾಲಿ ಚಾಪಿ ನೋಡಕೋತ ಕುಂತೆ. ಸಾಹೇಬ್ರು ಆ ವಾರದಾಗ ತಪಾಸಣಿಗೆ ಬರೂದಿತ್ತು. ಅವರು ಬಂದು ಈ ಚಾಪಿ ನೋಡಿದ್ರ ಅಲ್ಲಿಗೆ ಮುಗೀತು. ಟ್ರಂಕಿಗೆ ಅರಬಿ ತುಂಬಾಕ ಸುರು ಮಾಡಿದೆ. ತುಂಬತಾ ತುಂಬತಾ ವೈನಿ ದನಿ ಕೇಳಿಸಿತು, ಆಣೆ ಮಾಡಿ ಹೇಳ್ತೇನಿ, ಇಲ್ಲೇ ಬಾಜೂಕ ನಿಂತಂಗ ಕೇಳಿಸಿತು.

ಅವತ್ತ ಇಳಿಹೊತ್ತಿನ್ಯಾಗ ಈರವ್ವ ಕರೆ ಕಳಿಸಿದ್ಲು. ಪಡಸಾಲ್ಯಾಗ ಓಣಿ ಹೆಂಗಸ್ರೆಲ್ಲಾ ಕುಂತಿದ್ರು. ದವಾಖಾನಿ ಔಷಧಕ್ಕ ಜ್ವರ ಇಳದು, ಗಂಗವ್ವ ಕಂಬಳಿ ಹೊತಗೊಂಡು ಕಂಬಕ್ಕ ಆತು ಕುಂತಿದ್ಲು.

"ಆ ಹಾಳ್ಯಾಗ ಇದ್ದದ್ದು ಏನ್ರಿ?" ಅಂತ ಈರವ್ವ ಕೇಳಿದ್ಲು.

ಕಸೂತಿ ನಕ್ಷಾ ಅಂದಿದ್ರ ಆಗತಿತ್ತು. ಹುಡುಗ್ಯಾರಿಗೆ ಕಲಿಸೂ ಪಾಠಾ ಅಂದಿದ್ರ ಆಗತಿತ್ತು. ಆದ್ರ ನನ್ನ ಬಾಯಾಗ ಬಂದದ್ದು, "ಏನೂ ಅಲ್ರಿ."

ಅದರಂಥಾ ಕೆಟ್ಟ ಉತ್ತರ ಇನ್ನೊಂದಿರಲಿಲ್ಲ. "ಏನೂ ಅಲ್ಲದ್ದನ್ನ ಯಾರರ ಮಾಡ್ತಾರೇನು?" "ಮುಚ್ಚಿಡಾಕತ್ತಾಳ ನೋಡು" ಅಂತ ಗುಜುಗುಜು ಎದ್ದಿತು. ಆವಾಗ ಗಂಗವ್ವ ಬಾಯಿ ಬಿಟ್ಲು.

"ಯವ್ವಾ, ಜ್ವರ ಬಂದದ್ದು ನನಗ. ನಾ ಕೇಳ್ತೇನಿ. ಅಕ್ಕೋರ, ನನ್ನ ಎದುರಿಗೆ ಮಾಡಿ ತೋರಸ್ರಿ. ಹ್ಯಾಂಗ ಮಾಡತೀರಿ ನೋಡ್ತೇನಿ."

ಈರವ್ವ ಬ್ಯಾಡ ಬ್ಯಾಡ ಅಂದ್ಲು. ಮಗಳು ಕೇಳಲಿಲ್ಲ. ಕಡೀಕ ಈರವ್ವ ಒಳಗ ಹೋಗಿ ಅರಿಶಿಣಾ, ಸುಣ್ಣದ ಡಬ್ಬಿ ತಂದ್ಲು. ನನ್ನ ಕೈಗೆ ಕೊಡಲಿಲ್ಲ. ನೆಲದ ಮ್ಯಾಲ ಒಂದು ಎಲಿ ಇಟ್ಟು, ಅದರ ಮ್ಯಾಲ ಇಟ್ಟು, ಹಿಂದ ಸರದು ನಿಂತ್ಲು. ಸರೀ ನನ್ನ ಬೆನ್ನ ಹಿಂದ.

ಅರಿಶಿಣ ಕಲಸಿ, ಖೋಲ್ಯಾಗ ಉಳದಿದ್ದ ಒಂದು ರದ್ದಿ ಹಾಳಿಗೆ ಬಳದೆ. ಕಡ್ಡಿಗೆ ಸುಣ್ಣಾ ಹಚ್ಚಿಕೊಂಡು ಗೆರಿ ಇಟ್ಟೆ. ಕೈ ನಡಗಾಕ ಹತ್ತಿತು. ಸಣ್ಣಗ ಅಲ್ಲ, ಮಳ್ಯಾಗ ತೊಯ್ದ ಕುರಿ ನಡಗಿದಂಗ. ಉಸಿರು ಬಿಡಬೇಕು ಅನ್ನೂ ಉಸ್ತಾದರ ಮಾತು ನೆನಪಾತು, ಬಿಡಾಕ ಉಸಿರ ಇರಲಿಲ್ಲ. ಕೆಂಪು ಗೆರಿ ಹಾವು ಹರದಂಗ ಸೊಟ್ಟ ಸೊಟ್ಟ ಹೋತು.

"ರಕ್ತಾ!" ಅಂದ್ಲು ಯಾರೋ.

"ರಕ್ತಾ ಎಲ್ಲೀದಬೇ, ಆರತಿ ನೀರದು. ನನ್ನ ಕುಬಸದಾಗ ನೀವ ಕಲಸಿದ್ರೆಲ್ಲಾ" ಅಂದ್ಲು ಗಂಗವ್ವ. ಆಕಿ ಗೆರಿ ನೋಡಾಕತ್ತಿರಲಿಲ್ಲ, ನನ್ನ ಕೈ ನೋಡಾಕತ್ತಿದ್ಲು. "ಅಕ್ಕೋರ, ಯಾಕ್ರಿ ಹಿಂಗ ನಡಗತೀರಿ?"

"ಹಿಂದ ಯಾರರ ನಿಂತ್ರ ನಡಗತೈತವ್ವಾ. ಮೊದಲಿಂದನೂ ಹಿಂಗ."

ಗಂಗವ್ವ ನಕ್ಕಳು. ಜ್ವರದಾಗ ಸೊರಗಿದ ಮಾರಿ, ಆದ್ರೂ ಹೊಟ್ಟಿ ಹಿಡಕೊಂಡು ನಕ್ಕಳು. "ಯವ್ವಾ, ಮಾಟಾ ಮಾಡಾಕಿ ಊರನ್ನ ಅಂಜಸ್ತಾಳ. ಈ ಅಕ್ಕೋರು ನೋಡಿದ್ರ ನಿನಗ ಅಂಜಿ ಜೀಂವಾ ಬಿಡಾಕತ್ತಾರ! ಮುಂದ ಬಾ ನೀ."

ಯಾರೂ ನಗಲಿಲ್ಲ. ಈರವ್ವ ಸುತ್ತಿ ಬಂದು ನನ್ನ ಎದುರಿಗೆ, ನೆಲದ ಮ್ಯಾಲ ಕುಂತ್ಲು.

"ಎಳೀರಿ ಈಗ" ಅಂದ್ಲು.

ಎಳದೆ. ನಡಗೂದು ಪೂರಾ ಹೋಗಲಿಲ್ಲ, ಇಳೀತು. ಗೆರಿ ಬಾಜೂಕ ಗೆರಿ ಇಟ್ಟೆ. ಹೆಂಗಸ್ರು ಒಬ್ಬೊಬ್ಬರ ಮುಂದ ಸರದ್ರು.

"ನಾವು ರಂಗೋಲಿ ಹಾಕ್ತೇವಿ, ಅದು ದೇವರಿಗೆ, ಹೊಸ್ತಲಿಗೆ. ಇದು ಯಾರಿಗ್ರಿ?" ಅಂತ ಈರವ್ವ ಕೇಳಿದ್ಲು. ದನಿಯಾಗ ಸಿಟ್ಟಿರಲಿಲ್ಲ, ಖರೇನ ತಿಳಿದಿರಲಿಲ್ಲ ಆಕಿಗೆ.

"ರಂಗೋಲಿ ಹಾಕಬ್ಯಾಡ ಅಂದಾರ್ರಿ ನನಗ. ನನ್ನ ಯಜಮಾನ್ರು ಹೋದ ದಿನದಿಂದ ಹೊಸ್ತಲ ಮುಂದ ಕೈ ಇಟ್ಟಿಲ್ಲ. ಕೈ ಸುಮ್ಮನ ಕೂಡ್ರವಲ್ಲದು. ಅದಕ್ಕ ಇದು. ನನಗ ಅಂತ ಎಳಕೊಳ್ಳೂದ್ರಿ, ಬ್ಯಾರೆ ಯಾರಿಗೂ ಅಲ್ಲ."

ಇಷ್ಟು ವರ್ಷ ಗೆರಿ ಎಳದ್ರೂ ಆ ಮಾತು ನನಗೂ ಅವತ್ತ ಗೊತ್ತಾದದ್ದು. ಕೈ ಸುಧಾರಿಸಾಕ ಎಳಿತೇನಿ ಅಂತ ತಿಳಕೊಂಡಿದ್ದೆ. ಈರವ್ವ ತನ್ನ ಹಣಿ ಮುಟ್ಟಿಕೊಂಡು, ಎದ್ದು, ಒಳಗ ಹೋದ್ಲು.

ಮರುದಿನ ಸಾಲಿಗೆ ಹುಡುಗ್ಯಾರು ಬಂದ್ವು. ಎಲ್ಲಾರೂ ಅಲ್ಲ, ಕೆಲವು ಮನಿಯವರು ಕಡೀತನಕ ಕಳಿಸಲಿಲ್ಲ, ನನ್ನ ಕಂಡ್ರ ದಾರಿ ಬಿಟ್ಟು ಹೋಗತಿದ್ರು. ಆದ್ರ ಚಾಪಿ ತುಂಬಿತು. ಸಾಹೇಬ್ರು ಬಂದ್ರು, ಬೋರ್ಡಿನ ಮ್ಯಾಲ ಮಾವಿನಕಾಯಿ ತಗಿ ಅಂದ್ರು, ಪದ್ಧತಿ ಪ್ರಕಾರ ಹಿಂದ ಬಂದು ನಿಂತ್ರು. ನಾ ಸೀಮಿಸುಣ್ಣದ ಖಡು ಕೈಗೆ ತೊಗೊಂಡೆ. ಎಲ್ಲಿಂದ ಬಂತೋ ಆ ಮಾತು, "ಸಾಹೇಬ್ರ, ಹುಡುಗ್ಯಾರ ಬಾಜೂಕ ಕುರ್ಚಿ ಹಾಕೀನಿ, ಅಲ್ಲಿ ಕುಂತ್ರ ಚಲೋ ಕಾಣತೈತ್ರಿ" ಅಂದೆ. ಅವರು ಹುಬ್ಬು ಗಂಟು ಹಾಕಿದ್ರು. ಆದ್ರ ಹೋಗಿ ಕುಂತ್ರು. ಮಾವಿನಕಾಯಿ ಸ್ವಲ್ಪ ಸೊಟ್ಟನ ಬಂತು. "ಗಿಡದಾಗ ಹಿಂಗೂ ಇರತಾವ ಬಿಡ್ರಿ" ಅಂತ ಅಂದು ಲೆಕ್ಕದ ಪಾಠಾ ಕೇಳಿದ್ರು. ಸಾಲಿ ಉಳೀತು. ಮುಂದ ಕಾಲ ಬದಲಾತು, ಕಾರ್ಡು ನೋಡಿ ತಿದ್ದೂದು ಹೋತು, ಮಕ್ಕಳು ಮನಸ್ಸಿಗೆ ಬಂದದ್ದು ತಗಿಲಿ ಅನ್ನೂ ಹುಕುಂ ಬಂತು. ನನಗ ನಗು ಬಂತು ಅದನ್ನ ಓದಿ.

ಗಂಗವ್ವಗ ಹೆಣ್ಣು ಹುಟ್ಟಿತು, ಸುಖವಾಗಿ. ಈರವ್ವ ಆ ಸುದ್ದಿ ಮತ್ತ ತಗೀಲಿಲ್ಲ, ತಪ್ಪಾತು ಅನ್ನಲಿಲ್ಲ, ನಾನೂ ಕೇಳಲಿಲ್ಲ. ರೊಟ್ಟಿ ಮೊದಲಿನಂಗ ಬರಾಕ ಹತ್ತಿತು. ನಾ ಖೋಲ್ಯಾಗ ಗೆರಿ ಎಳಿಯೂಮುಂದ ಆಕಿ ಏನರ ಕೊಡಾಕ ಬಂದ್ರ, ಹಿಂದಿನಿಂದ ಬರತಿರಲಿಲ್ಲ. ಕಿಡಕಿ ಸುತ್ತಿ ಎದುರಿಗೆ ಬಂದು ಕರಿತಿದ್ಲು. ಅಷ್ಟ.

ಯಾವ ಕಾಗದ, ಯಾವ ಬಣ್ಣ ಅಂತ ಕೇಳಿದ್ರೆಲ್ಲಾ. ಇದ್ದಲಿ ಬಳಸ್ರಿ, ತೂತು ಬಿಡೂದು ಮರಿಬ್ಯಾಡ್ರಿ. ಮ‍ಸಿಗೆ ಬೆಲ್ಲಾ ಹಾಕಬ್ಯಾಡ್ರಿ. ಕಡತಾ ಚಲೋ, ಆದ್ರ ಒರಿಸೂ ಚಟಾ ಹತ್ತತೈತಿ, ಹುಷಾರ್. ಅರಿಶಿಣದ ಹಳದಿ ಬಿಸಲಿಗೆ ಹಾರತೈತಿ, ಸುಣ್ಣದ ಕೆಂಪು ಬರಬರತಾ ಕಂದು ಆಕ್ಕೈತಿ, ಉಳಿಯೂದು ಕಾಡಿಗಿ ಒಂದ. ಇದೆಲ್ಲಾ ತಿಳದೂ ನಾ ಇವತ್ತಿಗೂ ಅರಿಶಿಣದ ಹಾಳಿನ ಬಳಸ್ತೇನಿ. ಯಾಕಂತ ಕೇಳಿದ್ರ, ಹಿರೇಕೆರೂರು ಬಿಟ್ಟ ದಿನದ ಮಾತು ಹೇಳಬೇಕು.

ವರ್ಗಾ ಆಗಿತ್ತು. ಮೋಟಾರಿನ ಹೊತ್ತಾಗಿತ್ತು, ಟ್ರಂಕು ಹೊರಗ ಇಟ್ಟಿದ್ದೆ. ನಮ್ಮ ಕಡೆ ಮನಿ ಬಿಟ್ಟು ಹೋಗೂ ಹೆಣ್ಣುಮಗಳಿಗೆ ಉಡಿ ತುಂಬಿ ಕಳಸ್ತಾರ, ಮುತ್ತೈದಿ ಇದ್ರ. ನನಗ ಅದರ ಆಸೇನೂ ಇರಲಿಲ್ಲ. ಗಂಗವ್ವ ಕೂಸಿನ ಎತ್ತಿಕೊಂಡು ಬಾಗಲದಾಗ ನಿಂತಿದ್ಲು. ಈರವ್ವ ಒಳಗಿಂದ ಬಂದ್ಲು, ಸೆರಗಿನ್ಯಾಗ ಏನೋ ಮುಚ್ಚಿಕೊಂಡು ನನ್ನ ಎದುರಿಗೆ ಬಂದು ನಿಂತ್ಲು.

"ಕೈ ಮುಂದ ಮಾಡ್ರಿ ಅಕ್ಕೋರ."

ಮಾಡಿದೆ. ಬೊಗಸಿ ತುಂಬ ಅರಿಶಿಣ ಕೊಂಬು ಸುರುವಿದ್ಲು, ಅವರ ಹೊಲದ್ದು, ಇನ್ನೂ ಮಣ್ಣಿನ ವಾಸನಿ ಇತ್ತು. ಅದರ ಮ್ಯಾಲ ಸುಣ್ಣದ ಡಬ್ಬಿ ಇಟ್ಲು. ನೆಲದ ಮ್ಯಾಲ ಅಲ್ಲ, ಎಲಿ ಮ್ಯಾಲ ಅಲ್ಲ. ನನ್ನ ಯಜಮಾನ್ರು ಹೋದ ಮ್ಯಾಲ ನನ್ನ ಕೈಯಾಗ ಅರಿಶಿಣ ಇಟ್ಟವರು ಯಾರೂ ಇರಲಿಲ್ಲ.

"ಈರವ್ವಾರ, ನನಗ ಇದನ್ನ..." ಅಂದೆ.

"ನಿಮಗಲ್ರಿ. ನಿಮ್ಮ ಗೆರಿಗೆ" ಅಂದ್ಲು. "ಸುಮ್ನ ಹಿಡೀರಿ."

ಹಿಡಕೊಂಡೆ. ಎರಡೂ ಕೈ ನಡಗಾಕ ಹತ್ತಿದ್ವು. ಹಿಂದ ಯಾರೂ ನಿಂತಿರಲಿಲ್ಲ.